ಅಮೆರಿಕದಲ್ಲಿ ಬಡ್ಡಿ ಏರಿದರೆ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಟು-ಲೆಟ್ ಬೋರ್ಡ್ ಯಾಕೆ?

ಅಗರ ಕೆರೆ ಏರಿ

ಎಚ್‌ಎಸ್‌ಆರ್ 27ನೇ ಮೇನ್‌ಗೆ ಹತ್ತಿರ ನಮ್ಮದೊಂದು ಸಣ್ಣ ಕಟ್ಟಡ ಇದೆ. ಕೆಳಗೆ ಮೆಡಿಕಲ್ ಶಾಪ್, ಜ್ಯೂಸ್ ಅಂಗಡಿ. ಮೇಲಿನ ಎರಡು ಫ್ಲೋರ್ ಆಫೀಸು. ಅಪ್ಪನ ರಿಟೈರ್‌ಮೆಂಟ್ ದುಡ್ಡು, ಊರಿನ ಜಮೀನು ಮಾರಿದ ದುಡ್ಡು, ಅದರ ಮೇಲೆ ಬ್ಯಾಂಕ್ ಸಾಲ, ಎಲ್ಲಾ ಸೇರಿಸಿ ಕಟ್ಟಿಸಿದ್ದು.

2021ರ ಕೊನೆಯಲ್ಲಿ ಒಂದು ಸ್ಟಾರ್ಟಪ್‌ನವರು ಎರಡೂ ಫ್ಲೋರ್ ತಗೊಂಡರು. ತಿಂಗಳಿಗೆ 3 ಲಕ್ಷ, ಹತ್ತು ತಿಂಗಳ ಅಡ್ವಾನ್ಸ್ 30 ಲಕ್ಷ, ಮೂರು ವರ್ಷ ಲಾಕ್-ಇನ್ (ಅಲ್ಲಿವರೆಗೆ ಬಿಟ್ಟುಹೋಗೋ ಹಾಗಿಲ್ಲ), ಆಮೇಲೆ ಶೇ 15 ಏರಿಕೆ. ಆವಾಗ ಅವರು ರೇಟ್ ಬಗ್ಗೆ ಚೌಕಾಸಿನೇ ಮಾಡಲಿಲ್ಲ. ಟೆರೇಸ್ ಮೇಲೆ ಟೇಬಲ್ ಟೆನಿಸ್ ಟೇಬಲ್ ಇಡಬಹುದಾ ಅಂತ ಮಾತ್ರ ಕೇಳಿದರು.

ಈಗ ತಿಂಗಳಿಗೆ 3.45 ಲಕ್ಷ ಕೊಡುತ್ತಿದ್ದಾರೆ. ಹೋದ ವಾರ ಮೇಲ್ ಬಂತು. 2.75ಕ್ಕೆ ಇಳಿಸಿ, ಆಗಲ್ಲ ಅಂದ್ರೆ ಇದನ್ನೇ ಮೂರು ತಿಂಗಳ ನೋಟಿಸ್ ಅಂದುಕೊಳ್ಳಿ ಅಂತ. ಪೇಪರ್ ತೆಗೆದರೆ ಬೆಂಗಳೂರಿನ ಆಫೀಸುಗಳಿಗೆ ಭಾರಿ ಬೇಡಿಕೆ ಅಂತ ಬರುತ್ತದೆ. ನಮ್ಮ ಬೀದಿಯಲ್ಲಿ ನಡೆದರೆ ಎಂಟು ಟು-ಲೆಟ್ ಬೋರ್ಡ್. "ಅಮೆರಿಕದಲ್ಲಿ ಯಾರೋ ಬಡ್ಡಿ ಏರಿಸಿದ್ರೆ ನನ್ನ ಬಾಡಿಗೆ ಯಾಕೋ ಇಳೀಬೇಕು?" ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ರ ಉತ್ತರ ಇಲ್ಲ. ಪಿಜಿ ಮಾಡಿಬಿಡೋಣವಾ ಅಂತಲೂ ಮನೆಯಲ್ಲಿ ಮಾತು ನಡೆದಿದೆ. ಗೊತ್ತಿರೋರು ಹೇಳಿ.

ಕಮಿಷನ್ ಏಜೆಂಟ್ 96

ಮೊದಲು ಒಂದು ಮಾತು. ಆ ಮೇಲ್‌ಗೆ ಮೇಲ್‌ನಲ್ಲೇ ಉತ್ತರ ಕೊಡಬೇಡಿ. ಮೆಟ್ಟಿಲು ಹತ್ತಿ ಹೋಗಿ, ಟೀ ಕುಡಿಯುತ್ತಾ ಮಾತಾಡಿ. ಬಾಡಿಗೆ ಜಗಳ ಮೇಲ್‌ನಲ್ಲಿ ಬಗೆಹರಿದದ್ದನ್ನು ನಾನಂತೂ ನೋಡಿಲ್ಲ.

ಅಪ್ಪನ ಪ್ರಶ್ನೆಗೆ ಬರೋಣ. ನಾನು ಈ ಕೆಲಸಕ್ಕೆ ಇಳಿದಾಗ ಆಫೀಸು ಅಂದ್ರೆ ಎಂ.ಜಿ. ರೋಡ್, ಡಿಕನ್ಸನ್ ರೋಡ್, ರೆಸಿಡೆನ್ಸಿ ರೋಡ್. ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂದಾಗ ಅಷ್ಟು ದೂರ ಯಾರು ಹೋಗ್ತಾರೆ ಅಂತ ನಕ್ಕಿದ್ದೆವು. 2000ದ ಮಾರ್ಚ್ ಕಳೆದ ಮೇಲೆ ಅಮೆರಿಕದ ಷೇರು ಸೂಚ್ಯಂಕ ನಾಸ್ಡಾಕ್ ಉರುಳೋಕೆ ಶುರುವಾಯಿತು. ಡಾಟ್‌ಕಾಂ ಕಂಪನಿಗಳು ಬೀಗ ಹಾಕಿಕೊಂಡು ಹೋದವು. ಕೋರಮಂಗಲದಲ್ಲಿ ಅಂಥದ್ದೊಂದು ಬೀಗ ನಾನೇ ಒಡೆಸಿದೆ. ಗೋಡೆಯ ಕ್ಯಾಲೆಂಡರ್ ಮೂರು ತಿಂಗಳ ಹಿಂದೆಯೇ ನಿಂತಿತ್ತು. ನೀರಿನ ಕ್ಯಾನ್‌ನಲ್ಲಿ ಪಾಚಿ. ಕುರ್ಚಿಗಳ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದೇ ಇರಲಿಲ್ಲ. ಕೂರೋ ಜನ ಬರೋ ಮೊದಲೇ ಕಂಪನಿ ಮುಗಿದಿತ್ತು.

ಆದರೆ ಅದಾಗಿ ಎರಡು ವರ್ಷಕ್ಕೆ ಅದೇ ಅಮೆರಿಕದವರು ಖರ್ಚು ಉಳಿಸೋಕೆ ಅಂತ ಕೆಲಸ ಇಲ್ಲಿಗೆ ಕಳಿಸಿದರು. ರಿಂಗ್ ರೋಡ್ ಪಕ್ಕ ಗಾಜಿನ ಕಟ್ಟಡ ಎದ್ದದ್ದು ಹಾಗೆ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಬಿತ್ತು. ಮತ್ತೆ ಒಂದೂವರೆ ವರ್ಷ ನನ್ನ ಫೋನೇ ಹೊಡೆಯಲಿಲ್ಲ. ಆಮೇಲೆ ಮತ್ತೆ ತುಂಬಿತು. ಅಲ್ಲಿ ನೆಗಡಿ ಆದರೆ ಇಲ್ಲಿ ಸೀನು ಬರುತ್ತದೆ ನಿಜ. ಆದರೆ ಅಲ್ಲಿಯವರು ಔಷಧಿ ತಗೊಳ್ಳೋಕೆ ಬರೋದೂ ಇಲ್ಲಿಗೇ.

ಸಾಂಬಾರ್ ಸೆಪರೇಟ್

ನಂದು ಬೆಳ್ಳಂದೂರು ಕಡೆ ದರ್ಶಿನಿ. ನನಗೆ ನಾಸ್ಡಾಕ್ ಗೊತ್ತಿಲ್ಲ, ಇಡ್ಲಿ ಹಿಟ್ಟು ಗೊತ್ತು.

ಆಫೀಸ್ ಕಟ್ಟಡದ ವಿಷಯ ನನಗೆ ಮೊದಲು ತಿಳಿಯೋದು ಸೆಕ್ಯುರಿಟಿ ಗಾರ್ಡ್‌ಗಳಿಂದ. ಬೆಳಗ್ಗೆ ಆರಕ್ಕೆ ಡ್ಯೂಟಿ ಬದಲಾಗುವಾಗ ತಿಂಡಿಗೆ ಬರುತ್ತಾರೆ. ಒಂದು ಟವರ್‌ನಿಂದ ಹದಿನಾಲ್ಕು ಜನ ಬರೋರು ಒಂದು ದಿನ ಹತ್ತೇ ಜನ ಬಂದರೆ, ಮೇಲೆ ಯಾರೋ ಫ್ಲೋರ್ ಬಿಟ್ಟುಕೊಟ್ಟಿದ್ದಾರೆ ಅಂತಲೇ ಅರ್ಥ. ಪೇಪರಿನಲ್ಲಿ ಬರೋಕೆ ಇನ್ನೂ ಆರು ತಿಂಗಳು ಬೇಕು.

2020ರ ಮಾರ್ಚ್‌ನಲ್ಲಿ ಸೋಮವಾರ ರುಬ್ಬಿದ ಹಿಟ್ಟನ್ನು ಬುಧವಾರ ಚೆಲ್ಲಿದೆ. ಈಗ ವಾಪಸ್ ಬಂದಿದ್ದಾರೆ, ಆದರೆ ಮಂಗಳವಾರ, ಬುಧವಾರ, ಗುರುವಾರ ಜಾಸ್ತಿ. ಶುಕ್ರವಾರಕ್ಕೆ ಅರ್ಧ ಹಿಟ್ಟು ಸಾಕು. ನನ್ನ ಅಂಗಡಿ ಬಾಡಿಗೆ ಮಾತ್ರ ಏಳೂ ದಿನಕ್ಕೆ ಕೊಡಬೇಕು ನೋಡಿ.

ಲೆಕ್ಕದ ಮೇಷ್ಟ್ರು

ನಾನು ಸಿಎ. ಅಪ್ಪನಿಗೆ ಹೀಗೆ ವಿವರಿಸಿ.

2022ರ ಮಾರ್ಚ್‌ವರೆಗೆ ಅಮೆರಿಕದ ಫೆಡ್, ಅಂದ್ರೆ ಅಲ್ಲಿನ ಕೇಂದ್ರ ಬ್ಯಾಂಕಿನ ಬಡ್ಡಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿನ ಪೆನ್ಷನ್ ಫಂಡುಗಳು ದುಡ್ಡನ್ನು ಸುರಕ್ಷಿತ ಜಾಗದಲ್ಲಿ ಇಟ್ಟರೆ ಏನೂ ಹುಟ್ಟುತ್ತಿರಲಿಲ್ಲ. ಹಾಗಾಗಿ ಒಂದಷ್ಟು ದುಡ್ಡು ಸ್ಟಾರ್ಟಪ್‌ಗಳಲ್ಲಿ ಹೂಡೋ ವೆಂಚರ್ ಫಂಡುಗಳಿಗೆ ಹರಿಯಿತು. ಅಲ್ಲಿಂದ ನಿಮ್ಮ ಸ್ಟಾರ್ಟಪ್‌ಗೆ, ಅಲ್ಲಿಂದ ನಿಮ್ಮ ಅಪ್ಪನ ಅಕೌಂಟಿಗೆ. 2023ರ ಜುಲೈಗೆ ಅದೇ ಬಡ್ಡಿ ಶೇ 5.25ರಿಂದ 5.5. ಸುಮ್ನೆ ಸರ್ಕಾರಿ ಬಾಂಡ್ ಕೊಂಡರೆ ಶೇ 5 ಸಿಗುವಾಗ ನಷ್ಟದ ಕಂಪನಿಗೆ ಯಾರು ದುಡ್ಡು ಹಾಕುತ್ತಾರೆ? ನಲ್ಲಿ ಅಲ್ಲಿ ತಿರುಗಿಸಿದರು, ನೀರು ನಿಂತದ್ದು 27ನೇ ಮೇನ್‌ನಲ್ಲಿ. ನಡುವೆ ಪೈಪ್ ಉದ್ದ, ಅದಕ್ಕೇ ನಿಮಗೆ ಗೊತ್ತಾಗೋಕೆ ಇಷ್ಟು ವರ್ಷ ಹಿಡಿಯಿತು. ಮೂರು ವರ್ಷದ ಲಾಕ್-ಇನ್ ಕೂಡ ಪೈಪನ್ನು ಉದ್ದ ಮಾಡಿತು.

ಇನ್ನೊಂದು ಪೆಟ್ಟು ಕಟ್ಟಡದ ಬೆಲೆಗೆ ಬೀಳುತ್ತದೆ. ವರ್ಷಕ್ಕೆ 1 ಕೋಟಿ ಬಾಡಿಗೆ ಬರೋ ಕಟ್ಟಡ. ಕೊಳ್ಳುವವನು ಶೇ 8 ಆದಾಯ ಸಾಕು ಅಂದ್ರೆ ಬೆಲೆ 12.5 ಕೋಟಿ. ಬಡ್ಡಿ ಏರಿ ಅವನು ಶೇ 9 ಬೇಕು ಅಂದ್ರೆ ಸುಮಾರು 11.1 ಕೋಟಿ. ಬಾಡಿಗೆ ಒಂದು ರೂಪಾಯಿ ಇಳಿದಿಲ್ಲ, ಬಾಡಿಗೆದಾರ ಅಲ್ಲೇ ಇದ್ದಾನೆ, ಆದರೂ 1.4 ಕೋಟಿ ಆವಿ. ನಮ್ಮ ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಸಾಲ ಕೊಡೋ ರೆಪೊ ದರ 2020ರ ಮೇನಲ್ಲಿ ಶೇ 4 ಇತ್ತು, 2023ರ ಫೆಬ್ರುವರಿಗೆ ಶೇ 6.5 ಆಯಿತು. 2025ರಲ್ಲಿ ಇಳಿಸೋಕೆ ಶುರು ಮಾಡಿದರು. ಸಾಲ ಇರೋ ಕಟ್ಟಡದ ಮಾಲೀಕರು ಆ ನಡುವಿನ ಕಾಲದಲ್ಲಿ ಹೇಗೆ ಉಸಿರು ಹಿಡಿದಿದ್ದರು ಅಂತ ನನ್ನ ಕ್ಲೈಂಟುಗಳನ್ನು ಕೇಳಬೇಕು.

ಸುಮ್ನೆ ಕೇಳ್ದೆ

ಎಲ್ಲಾ ಸರಿ ಮೇಷ್ಟ್ರೇ, ಆದರೆ ಎಲ್ಲದಕ್ಕೂ ಅಮೆರಿಕನೇ ಕಾರಣನಾ? 2022ರ ಮಳೆ ಮರೆತಿರಾ? ರಿಂಗ್ ರೋಡ್‌ನಲ್ಲಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆಗಸ್ಟ್ 30ರ ಒಂದೇ ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು 225 ಕೋಟಿ ನಷ್ಟ ಆಯಿತು ಅಂತ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ನಾನೇ ಬಾಸ್ ಆಗಿದ್ದರೆ ಹೈದರಾಬಾದಿಗೆ ಹೋಗುತ್ತಿದ್ದೆ.

ಕಮಿಷನ್ ಏಜೆಂಟ್ 96

ಹೋದರಾ ಅಂತ ನೋಡಿ. ಒಬ್ಬಿಬ್ಬರು ಹೊಸ ಟೀಮ್ ಅಲ್ಲಿ ಶುರು ಮಾಡಿದರು, ಇಲ್ಲ ಅನ್ನಲ್ಲ. ಆದರೆ ನೀರು ಇಳಿದ ಮೇಲೆ ನನಗೆ ಬಂದ ಪ್ರಶ್ನೆ ಬೇರೆ: "ಬೇಸ್‌ಮೆಂಟ್‌ನಲ್ಲಿ ನೀರು ಬರುತ್ತಾ? ಡಿಜಿ ಎಲ್ಲಿ ಇಟ್ಟಿದ್ದೀರಿ?" ಜನರೇಟರ್ ಬೇಸ್‌ಮೆಂಟ್‌ನಲ್ಲಿ ಇದ್ದ ಕಟ್ಟಡಗಳಿಗೆ ಆ ವರ್ಷ ಬೆವರು ಇಳಿಯಿತು. ಮಳೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಓಡಿಸುತ್ತದೆ. ಊರನ್ನೇ ಖಾಲಿ ಮಾಡಿಸೋದು ದುಡ್ಡು.

ಥೇಮ್ಸ್ ದಡದವನು

ನಾನು ಶಿವಮೊಗ್ಗದವನು, ಲಂಡನ್ನಿನಲ್ಲಿ ಆಫೀಸ್ ಕಟ್ಟಡಗಳ ನಿರ್ವಹಣೆ ಕೆಲಸ. ಇಲ್ಲಿ ಕ್ಯಾನರಿ ವಾರ್ಫ್ ಅಂತ ಇದೆ. ಹಳೆ ಹಡಗುಕಟ್ಟೆ. 1986ರಲ್ಲಿ ಷೇರುಪೇಟೆ ನಿಯಮ ಸಡಿಲ ಮಾಡಿದಾಗ ಬ್ಯಾಂಕುಗಳಿಗೆ ಮೈದಾನದಂಥ ದೊಡ್ಡ ಫ್ಲೋರ್ ಬೇಕಾಯಿತು. ಹಳೆ ಸಿಟಿಯಲ್ಲಿ ಅಂಥ ಜಾಗ ಕಡಿಮೆ. ಹಾಗಾಗಿ ಕೆನಡಾದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ ಇಲ್ಲಿ 50 ಅಂತಸ್ತಿನ ಗೋಪುರ ಎಬ್ಬಿಸಿತು. ಕೆಲಸ ಶುರುವಾಗಿದ್ದು ಒಳ್ಳೆ ಕಾಲದಲ್ಲಿ. 1989ಕ್ಕೆ ಬ್ರಿಟನ್ನಿನ ಬಡ್ಡಿ ಶೇ 15. ಗೋಪುರ ತೆರೆದದ್ದು 1991ರಲ್ಲಿ, ಊರೆಲ್ಲ ಹಿಂಜರಿತದಲ್ಲಿ ಇದ್ದಾಗ. 1992ರ ಮೇನಲ್ಲಿ ಕಂಪನಿ ಮುಳುಗಿತು.

ಇದರಲ್ಲಿ ಬೆಂಗಳೂರಿನವರಿಗೆ ಪರಿಚಿತ ಅನ್ನಿಸೋದು ಒಂದಿದೆ. ಅಲ್ಲಿಗೆ ಬರಬೇಕಿದ್ದ ಜುಬಿಲಿ ಮೆಟ್ರೊ ಲೈನ್ ಬಂದದ್ದು 1999ರಲ್ಲಿ! ರಿಂಗ್ ರೋಡ್‌ನ ನೀಲಿ ಲೈನ್ ಕಂಬಗಳನ್ನು ರಜೆಗೆ ಬಂದಾಗೆಲ್ಲ ನೋಡುತ್ತೇನೆ, ಅದೇ ನೆನಪಾಗುತ್ತದೆ.

ಅಕ್ಕಿ ಬೆಲೆ ಏರಿದರೆ ಮುಂದಿನ ಬೆಳೆಗೆ ಜಾಸ್ತಿ ನಾಟಿ ಮಾಡಬಹುದು. ಕಟ್ಟಡಕ್ಕೆ ನಾಲ್ಕು ವರ್ಷ ಬೇಕು. ಒಳ್ಳೆ ಸುದ್ದಿ ಕೇಳಿ ಬಿತ್ತಿದ್ದು ಕೆಟ್ಟ ಸುದ್ದಿ ಬಂದಾಗ ಕೊಯ್ಲಿಗೆ ಬರುತ್ತದೆ. ಲೇಮನ್‌ನ ಯುರೋಪ್ ಕಚೇರಿ ಕೂಡ ಇದೇ ಕ್ಯಾನರಿ ವಾರ್ಫ್‌ನ ಬ್ಯಾಂಕ್ ಸ್ಟ್ರೀಟ್‌ನಲ್ಲಿತ್ತು. ಜನ ರಟ್ಟಿನ ಡಬ್ಬ ಹಿಡಿದು ಹೊರಬಂದ ಆ ಕಟ್ಟಡದಲ್ಲಿ ಈಗ ಜೆ.ಪಿ. ಮಾರ್ಗನ್ ಇದೆ.

ಇನ್ನೊಂದು ತಮಾಷೆ. ಇಲ್ಲಿನ ಹಳೆ ಪದ್ಧತಿಯ ಕರಾರಿನಲ್ಲಿ ಐದು ವರ್ಷಕ್ಕೊಮ್ಮೆ ಬಾಡಿಗೆ ಪರಿಶೀಲನೆ ಇರುತ್ತದೆ. ಆದರೆ ಅದು ಮೇಲಕ್ಕೆ ಮಾತ್ರ ಹೋಗಬಹುದು, ಕೆಳಕ್ಕೆ ಬರೋ ಹಾಗಿಲ್ಲ. ಹೊಸ ಕರಾರುಗಳಲ್ಲಿ ಅದನ್ನು ನಿಷೇಧಿಸೋ ಮಾತು ಸರ್ಕಾರ 2025ರಲ್ಲಿ ಎತ್ತಿತು. ಮಾಲೀಕರೆಲ್ಲ ಕೆಂಡ.

ಅಗರ ಕೆರೆ ಏರಿ

ಮೇಲಕ್ಕೆ ಮಾತ್ರ ಹೋಗೋ ಬಾಡಿಗೆ! ಇದನ್ನು ಅಪ್ಪನಿಗೆ ಹೇಳಲ್ಲ, ಲಂಡನ್ನಿಗೆ ಹೊರಟುಬಿಡುತ್ತಾರೆ.

ಆದರೆ ಬಾಡಿಗೆ ಕೆಳಕ್ಕೆ ಬರೋ ಹಾಗೇ ಇಲ್ಲದಿದ್ದರೆ ಅಲ್ಲಿ ಕಷ್ಟಕಾಲದಲ್ಲಿ ಹೊಸ ಬಾಡಿಗೆದಾರನನ್ನು ಹೇಗೆ ಹಿಡಿಯುತ್ತಾರೆ?

ಕಮಿಷನ್ ಏಜೆಂಟ್ 96

ಇದನ್ನು ನಾನು ಹೇಳುತ್ತೇನೆ, ಎಲ್ಲಾ ಊರಲ್ಲೂ ಒಂದೇ ಆಟ. ಕಾಗದದ ಮೇಲಿನ ರೇಟ್ ಮುಟ್ಟಲ್ಲ. ಉಳಿದದ್ದೆಲ್ಲ ಇಳಿಸುತ್ತಾರೆ.

ಚದರಡಿಗೆ 100 ರೂಪಾಯಿ, ಐದು ವರ್ಷ ಕರಾರು ಅಂದುಕೊಳ್ಳಿ. ಮಾರುಕಟ್ಟೆ ಬಿದ್ದಿದೆ. ಮಾಲೀಕ 100 ಅಂತಲೇ ಬರೆಯುತ್ತಾನೆ, ಆದರೆ ಆರು ತಿಂಗಳು ಬಾಡಿಗೆ ಬೇಡ ಅನ್ನುತ್ತಾನೆ. 60 ತಿಂಗಳಲ್ಲಿ 54ಕ್ಕೆ ಮಾತ್ರ ದುಡ್ಡು. ಅಲ್ಲಿಗೆ ನಿಜವಾದ ರೇಟ್ 90. ಇನ್ನೊಬ್ಬ ಪಾರ್ಟಿಷನ್, ಎಸಿ, ಕೇಬಲ್ ಎಲ್ಲಾ ನನ್ನ ಖರ್ಚು ಅನ್ನುತ್ತಾನೆ. ಮತ್ತೊಬ್ಬ ಪಾರ್ಕಿಂಗ್ ಸುಮ್ನೆ ಕೊಡುತ್ತಾನೆ. ಮುಂದಿನ ವರ್ಷ ಯಾರೋ ವರದಿ ಬರೆಯುವಾಗ "ಬಾಡಿಗೆ ಸ್ಥಿರವಾಗಿದೆ, 100 ರೂಪಾಯಿ" ಅಂತ ಬರೆಯುತ್ತಾರೆ. ನೀವು ಪೇಪರಿನಲ್ಲಿ ಓದಿದ್ದಕ್ಕೂ ನಿಮ್ಮ ಬೀದಿಗೂ ಹೊಂದಲ್ಲ ಅಂದ್ರಲ್ಲ, ಅದಕ್ಕೆ ಇದು ಒಂದು ಕಾರಣ.

ನಿಮ್ಮದನ್ನೂ ಹಾಗೇ ಮಾಡಿ. ಮೂರು ವರ್ಷಕ್ಕೆ ಹೊಸ ಕರಾರು, 3.45 ಹಾಗೇ ಇರಲಿ, ಮೂರು ತಿಂಗಳು ಬಿಟ್ಟುಕೊಡಿ. ಸರಾಸರಿ 3.16 ಬೀಳುತ್ತದೆ. ಅವರು ಬಿಟ್ಟುಹೋದರೆ ಏನಾಗುತ್ತದೆ ಅಂತಲೂ ಲೆಕ್ಕ ಹಾಕಿ. ಆರು ತಿಂಗಳು ಖಾಲಿ ಇದ್ದರೆ 20.7 ಲಕ್ಷ ಹೋಯಿತು. ಅವರು ಕೇಳಿದ 70 ಸಾವಿರದ ಕಡಿತವನ್ನು ಹೆಚ್ಚುಕಡಿಮೆ ಎರಡೂವರೆ ವರ್ಷ ಕೊಟ್ಟ ಹಾಗೆ. ಮೇಲೆ ನನ್ನಂಥವನ ಕಮಿಷನ್ ಬೇರೆ.

ಹುಬ್ಬಳ್ಳಿ ಹುಡುಗಿ

ನಾನು ಒಂದು ವಿದೇಶಿ ಕಂಪನಿಯ ಇಲ್ಲಿನ ಆಫೀಸಿನಲ್ಲಿ ಜಾಗದ ಲೆಕ್ಕ ನೋಡಿಕೊಳ್ಳುತ್ತೇನೆ. ಇನ್ನೊಂದು ಕಾರಣ ನಾನು ಹೇಳುತ್ತೇನ್ರಿ. ಭಾರಿ ಬೇಡಿಕೆ ಅನ್ನೋದು ಸುಳ್ಳಲ್ಲ. ಆದರೆ ಅದು ಬಹುಪಾಲು ನಮ್ಮಂಥವರದು, ಅಂದ್ರೆ ಜಿಸಿಸಿಗಳದು (ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯೋ ಕೇಂದ್ರಗಳು). 2024ರ ಲೆಕ್ಕದಲ್ಲಿ ದೇಶದ 1,700ಕ್ಕೂ ಹೆಚ್ಚು ಜಿಸಿಸಿಗಳಲ್ಲಿ ಅರ್ಧದಷ್ಟು ಬೆಂಗಳೂರಲ್ಲೇ ಇದ್ದವು. ಇನ್ನೂ 500 ತರಬೇಕು ಅಂತ 2024ರಲ್ಲಿ ಕರ್ನಾಟಕ ಸರ್ಕಾರ ನೀತಿಯನ್ನೇ ಮಾಡಿತು.

ನಾವು ಕೇಳೋದು ಏನು ಅಂದ್ರೆ ಒಂದೇ ಕಡೆ ಲಕ್ಷ ಚದರಡಿ, ಪರಿಸರಸ್ನೇಹಿ ಕಟ್ಟಡ ಅನ್ನೋ ಗ್ರೀನ್ ಸರ್ಟಿಫಿಕೇಟ್, ಓಸಿ (ಕಟ್ಟಡ ಬಳಸೋಕೆ ಕೊಡೋ ಸ್ವಾಧೀನ ಪತ್ರ), ಬೆಂಕಿ ಇಲಾಖೆಯ ಎನ್‌ಒಸಿ, ಇಡೀ ಕಟ್ಟಡಕ್ಕೆ ಪವರ್ ಬ್ಯಾಕಪ್. ನಿಮ್ಮ ಎರಡು ಫ್ಲೋರ್ ನಮ್ಮ ಪಟ್ಟಿಗೇ ಬರಲ್ಲ. ಬೇಜಾರು ಮಾಡ್ಕೋಬೇಡಿ. ಊಟದ ಹಾಲ್ ತುಂಬಿದೆ ಅಂದ್ರೆ ಎಲ್ಲಾ ಎಲೆಗೂ ಬಡಿಸಿದ್ದಾರೆ ಅಂತಲ್ಲ.

ನಮ್ಮಲ್ಲೂ ಲೆಕ್ಕ ಬದಲಾಗಿದೆ. ಮೊದಲು ನೂರು ಜನಕ್ಕೆ ನೂರು ಕುರ್ಚಿ. ಈಗ ಗೇಟಿನಲ್ಲಿ ಕಾರ್ಡ್ ಸ್ವೈಪ್ ಆದದ್ದು ಎಣಿಸುತ್ತೇವೆ. ನಮ್ಮ ಆಫೀಸಿನಲ್ಲಿ ಬುಧವಾರ ಕುರ್ಚಿ ಸಾಲಲ್ಲ, ಶುಕ್ರವಾರ ಎಸಿ ಶಬ್ದ ಕೇಳುತ್ತದೆ. ಸಾಂಬಾರ್ ಅಣ್ಣನ ಹಿಟ್ಟಿನ ಲೆಕ್ಕವೂ ನಮ್ಮ ಸ್ವೈಪ್ ಲೆಕ್ಕವೂ ಒಂದೇ ನೋಡ್ರಿ.

ಲೆಕ್ಕದ ಮೇಷ್ಟ್ರು

ತಂಗಿ ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಎಲ್ಲವೂ ಹೊರಗಿನ ಬಿರುಗಾಳಿ ಅಲ್ಲ, ನಮ್ಮದೇ ಕಾನೂನೂ ಫ್ಲೋರ್ ಖಾಲಿ ಮಾಡಿಸುತ್ತದೆ. ಎಸ್‌ಇಝಡ್, ಅಂದ್ರೆ ವಿಶೇಷ ಆರ್ಥಿಕ ವಲಯದ ಕಥೆ ಕೇಳಿ.

2005ರ ಕಾಯ್ದೆ. ಎಸ್‌ಇಝಡ್ ಒಳಗೆ ಆಫೀಸು ತೆರೆದರೆ ರಫ್ತಿನ ಲಾಭಕ್ಕೆ ಮೊದಲ ಐದು ವರ್ಷ ಪೂರ್ತಿ ಆದಾಯ ತೆರಿಗೆ ಇಲ್ಲ, ಮುಂದಿನ ಐದು ವರ್ಷ ಅರ್ಧ. ಹಾಗಾಗಿ ಟೆಕ್ ಪಾರ್ಕ್ ಕಟ್ಟುವವರಲ್ಲಿ ಎಷ್ಟೋ ಜನ ಎಸ್‌ಇಝಡ್ ಬೋರ್ಡ್ ಹಾಕಿಸಿದರು. 2020ರಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಅದೇ ವರ್ಷ ಕೋವಿಡ್. ಇದ್ದವರು ಜಾಗ ಬಿಟ್ಟರು. ಹೊಸದಾಗಿ ಬರೋಕೆ ಆದಾಯ ತೆರಿಗೆ ಲಾಭ ಇಲ್ಲ, ಕಸ್ಟಮ್ಸ್ ಕಟ್ಟಳೆ ಹಾಗೇ ಉಳಿದಿದೆ. ದೇಶದೊಳಗಿನ ವ್ಯಾಪಾರದ ಕಂಪನಿಗೆ ಅದೇ ಫ್ಲೋರ್ ಕೊಡೋಣ ಅಂದ್ರೆ ನಿಯಮ ಬಿಡಲ್ಲ. ಹೊರಗೆ ಜಾಗ ಹುಡುಕುವವರು ಸಾಲು ನಿಂತಿದ್ದಾರೆ, ಒಳಗೆ ಫ್ಲೋರ್ ಧೂಳು ಹಿಡಿಯುತ್ತಿದೆ, ನಡುವೆ ಒಂದು ಗೇಟು! 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಪೂರ್ತಿ ಒಂದೊಂದೇ ಫ್ಲೋರನ್ನು ಎಸ್‌ಇಝಡ್ ವ್ಯವಹಾರದಿಂದ ಹೊರಗೆ ತರಬಹುದು ಅಂದಿತು. ಪಡೆದಿದ್ದ ತೆರಿಗೆ ವಿನಾಯಿತಿ ವಾಪಸ್ ಕಟ್ಟಬೇಕು ಅಷ್ಟೇ.

ಇದರಿಂದ ಸಣ್ಣ ಮಾಲೀಕರಿಗೆ ಏನಾಯಿತು? ದೊಡ್ಡ ಪಾರ್ಕಿನ ಒಳ್ಳೆ ಫ್ಲೋರ್‌ಗಳು ಎಲ್ಲರಿಗೂ ಸಿಗೋಕೆ ಶುರುವಾದವು. ಮುಂಚೆ ಎಚ್‌ಎಸ್‌ಆರ್‌ಗೆ ಬರುತ್ತಿದ್ದ ಒಂದಿಷ್ಟು ಜನ ಅಲ್ಲಿಗೆ ಹೋಗಿರಲೂಬಹುದು. ಇದು ನನ್ನ ಊಹೆ.

ಸುಮ್ನೆ ಕೇಳ್ದೆ

ಹಾಗಾದ್ರೆ ಪಿಜಿ ಮಾಡೋದೇ ವಾಸಿ ಅಲ್ವಾ? ಇಷ್ಟು ತಲೆನೋವು ಯಾಕೆ?

ಸಾಂಬಾರ್ ಸೆಪರೇಟ್

ಪಿಜಿಯಲ್ಲಿ ಇರೋರು ಯಾರು ಸ್ವಾಮಿ? ಅದೇ ಆಫೀಸಿನ ಹುಡುಗರೇ ಅಲ್ವಾ? 2020ರಲ್ಲಿ ನನ್ನ ಅಂಗಡಿ ಹಿಂದಿನ ಪಿಜಿ ಆಫೀಸಿಗಿಂತ ಮೊದಲು ಖಾಲಿ ಆಯಿತು. ಹಾಸಿಗೆ ಎಲ್ಲಾ ಟೆರೇಸ್ ಮೇಲೆ ರಾಶಿ ಹಾಕಿದ್ದರು. ಮಳೆಗೆ ನೆಂದು ಕೊಳೆತವು.

ಕಮಿಷನ್ ಏಜೆಂಟ್ 96

ಮತ್ತೆ ಬಾತ್‌ರೂಮ್. ಆಫೀಸ್ ಫ್ಲೋರ್‌ಗೆ ಎರಡು ಟಾಯ್ಲೆಟ್ ಇರುತ್ತದೆ. ಪಿಜಿಗೆ ಪೈಪ್‌ಲೈನ್ ಎಳೆಯೋಕೆ ಸ್ಲ್ಯಾಬ್ ಕೊರೆಯಬೇಕು, ಕೆಳಗಡೆ ಮೆಡಿಕಲ್ ಶಾಪ್. ಒಂದು ಸಲ ಕೊರೆದರೆ ವಾಪಸ್ ಆಫೀಸು ಮಾಡೋದು ಕನಸು.

ಹುಬ್ಬಳ್ಳಿ ಹುಡುಗಿ

ಏಜೆಂಟ್ ಸರ್ ಹೇಳಿದ ಔಷಧಿ ಮಾತಿಗೆ ನಂದೊಂದು ತಕರಾರು ಇದೆ. ಅಲ್ಲಿ ಕಷ್ಟ ಆದಾಗೆಲ್ಲ ಕೆಲಸ ಇಲ್ಲಿಗೆ ಬಂತು, ಇಲ್ಲಿ ಫ್ಲೋರ್ ತುಂಬಿತು, ಒಪ್ಪಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಚ್-1ಬಿ ಕೆಲಸದ ವೀಸಾಗೆ ಲಕ್ಷ ಡಾಲರ್ ಶುಲ್ಕ ಅಂದಾಗಲೂ, ಹಾಗಾದ್ರೆ ಜನರನ್ನ ಇಲ್ಲೇ ಕೂರಿಸ್ತಾರೆ ಅಂತ ಬಿಲ್ಡರ್‌ಗಳು ಖುಷಿಪಟ್ಟರು. ಆದರೆ ಈ ಸಲ ಎಐ ಇದೆ. ಮುಂಚೆ ಹತ್ತು ಜನರ ಕೆಲಸ ಇಲ್ಲಿಗೆ ಬಂದರೆ ಹತ್ತು ಕುರ್ಚಿ ಬೇಕಿತ್ತು. ಈಗ ಕೆಲಸ ಬಂದರೂ ಕುರ್ಚಿ ಎಷ್ಟು? ಈ ವರ್ಷ ನಮ್ಮ ಮೀಟಿಂಗ್‌ನಲ್ಲಿ ಕೇಳಿದ ಮೊದಲ ಪ್ರಶ್ನೆನೇ ಅದು. ಐದು ವರ್ಷ ಲಾಕ್-ಇನ್‌ಗೆ ಸಹಿ ಹಾಕೋಕೆ ನಮ್ಮವರು ಹಿಂದೆಮುಂದೆ ನೋಡ್ತಿದ್ದಾರೆ.

ಕಮಿಷನ್ ಏಜೆಂಟ್ 96

ತಕರಾರು ನ್ಯಾಯವಾದದ್ದೇ ತಂಗಿ. ಮೂವತ್ತು ವರ್ಷದಿಂದ ಎರಡು ಸಲ ಬಿದ್ದು ಎದ್ದದ್ದು ನೋಡಿ ಮೂರನೇ ಸಲವೂ ಹಾಗೇ ಅಂತ ನಾನು ಹೇಳೋದು ಅಭ್ಯಾಸಬಲ.

ಲೆಕ್ಕದ ಮೇಷ್ಟ್ರು

ಮೂಲ ಪ್ರಶ್ನೆ ಕೇಳಿದವರಿಗೆ: ಇನ್ನೊಂದು ಕಡೆ ನೋಡಿ. ಅವರು 30 ಲಕ್ಷ ಅಡ್ವಾನ್ಸ್ ಇಟ್ಟಿದ್ದಾರೆ. ಅದು ಬಡ್ಡಿ ಇಲ್ಲದೆ ನಿಮಗೆ ಕೊಟ್ಟ ಸಾಲ. ದುಡ್ಡು ಬಿಗಿಯಾದಾಗ ಕಂಪನಿಗೆ ತಿಂಗಳ ಬಾಡಿಗೆಗಿಂತ ಆ ಸಿಕ್ಕಿಕೊಂಡ ದುಡ್ಡೇ ಕಣ್ಣಿಗೆ ಬೀಳುತ್ತದೆ. ಶೇ 12ರ ಲೆಕ್ಕದಲ್ಲಿ ಅದು ವರ್ಷಕ್ಕೆ 3.6 ಲಕ್ಷ. ಬಾಡಿಗೆ ಇಳಿಸೋ ಮೊದಲು ಅಡ್ವಾನ್ಸ್ ವಿಷಯ ಎತ್ತಿ ನೋಡಿ.

ಅಗರ ಕೆರೆ ಏರಿ (ಹತ್ತು ದಿನದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್ ಸರ್ ಹೇಳಿದ ಹಾಗೆ ಮೇಲೆ ಹೋದೆ. ಮೇಷ್ಟ್ರು ಹೇಳಿದ ಹಾಗೆ ಅಡ್ವಾನ್ಸ್ ಮಾತು ತೆಗೆದೆ. ಆ ಹುಡುಗನ ಮುಖ ನೋಡಬೇಕಿತ್ತು. 15 ಲಕ್ಷ ವಾಪಸ್ ಕೊಟ್ಟರೆ ಬಾಡಿಗೆ ವಿಷಯವೇ ಬಿಡುತ್ತೇನೆ, ಎರಡು ವರ್ಷ ಹೊಸ ಲಾಕ್-ಇನ್‌ಗೂ ಸಹಿ ಹಾಕುತ್ತೇನೆ ಅಂದ. ಮುಂದಿನ ಎರಡು ತಿಂಗಳ ಸಂಬಳಕ್ಕೆ ಅವನಿಗೆ ಅದು ಬೇಕಿತ್ತು. 2.75 ಅಂತ ಮೇಲ್‌ನಲ್ಲಿ ಬರೆದದ್ದು ಅವರ ಫೈನಾನ್ಸ್‌ನವರು ಹೇಳಿದರು ಅಂತ.

ಖುಷಿಯಿಂದ ಕೆಳಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅಡ್ವಾನ್ಸ್ ದುಡ್ಡು ಎಲ್ಲಿದೆ ಅಂತ ಕೇಳಿದೆ. 2022ರಲ್ಲಿ ಅಕ್ಕನ ಮದುವೆ. ಉಳಿದದ್ದು ಲಿಫ್ಟ್‌ಗೆ.

ನಿನ್ನೆ ಬ್ಯಾಂಕಿಗೆ ಹೋಗಿದ್ದೆವು. ಬಾಡಿಗೆ ಬರುತ್ತದೆ, ಅದರ ಮೇಲೆ 15 ಲಕ್ಷ ಸಾಲ ಕೊಡ್ತೀರಾ ಅಂತ. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ: "ಕರಾರಿನಲ್ಲಿ ಬಾಡಿಗೆ ಎಷ್ಟು ಅಂತ ಬರೆದಿದೆ?" 3.45 ಅಂದೆ. ಕಾಪಿ ತನ್ನಿ, ಮಾಡೋಣ ಅಂದರು. 2.75ಕ್ಕೆ ಮೊದಲೇ ಒಪ್ಪಿಬಿಟ್ಟಿದ್ದರೆ ಏನನ್ನುತ್ತಿದ್ದರೋ.

ಕಮಿಷನ್ ಏಜೆಂಟ್ 96

ಮಾಲೀಕರು ಕಾಗದದ ರೇಟ್ ಮುಟ್ಟಲ್ಲ ಅಂದ್ನಲ್ಲ, ಯಾಕೆ ಅಂತ ಈಗ ಗೊತ್ತಾಯ್ತಾ?

ಸಾಂಬಾರ್ ಸೆಪರೇಟ್

ಅದೆಲ್ಲ ಇರಲಿ. ಮೇಲೆ ಹೋಗಿದ್ರಲ್ಲ, ಜನ ಎಷ್ಟು ಇದ್ರು?

ಅಗರ ಕೆರೆ ಏರಿ

38. ಶುರುವಲ್ಲಿ 70 ಇದ್ದರು. ಟೇಬಲ್ ಟೆನಿಸ್ ಟೇಬಲ್ ಆಡೋರಿಲ್ಲ, ನೀವೇ ಇಟ್ಕೊಳ್ಳಿ ಅಂದರು. ಸದ್ಯಕ್ಕೆ ಅಮ್ಮ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಾರೆ.